ಮನೆಗೊಂದು ಯಂತ್ರ, ಆಳಿಗೊಂದು ಖಾತೆ

ನಮ್ಮ ಮನೆಯ ಪಡಸಾಲೆಯಲ್ಲಿ, ಬೀದಿಯ ಕಡೆಯ ಕಿಟಕಿಗೆ ಒತ್ತಿದ ಮೇಜಿನ ಮೇಲೆ, ಹಲವು ವರ್ಷಗಳಿಂದ ಒಂದು ಗಣಕಯಂತ್ರವಿದೆ. ಆಗ ಇನ್ನೂ ನಮ್ಮೊಡನಿದ್ದ ತಂದೆಯವರು, ಅಣ್ಣ, ಅತ್ತಿಗೆ, ಅವರ ಮಗ, ನಾನು, ಇಷ್ಟು ಮಂದಿಯೂ ಸರದಿಯ ಮೇಲೆ ಅದರ ಮುಂದೆ ಕುಳಿತು ನಮ್ಮ ನಮ್ಮ ಕೆಲಸಗಳನ್ನು ಮಾಡಿಕೊಳ್ಳುತ್ತಿದ್ದೆವಾದರೂ, ಯಂತ್ರದ ಲೆಕ್ಕದಲ್ಲಿ ನಾವು ಐವರೂ ಸೇರಿ ಒಬ್ಬನೇ ವ್ಯಕ್ತಿಯಾಗಿದ್ದೆವು. ಏಕೆಂದರೆ ಅದನ್ನು ಅಣಿಗೊಳಿಸಿಕೊಟ್ಟ ಅಂಗಡಿಯವರು ‘ಯೂಸರ್’ ಎಂಬ ಹೆಸರಿನಲ್ಲಿ ಒಂದೇ ಖಾತೆಯನ್ನು ತೆರೆದು, ಒಂದು ಎರಡು ಮೂರು ನಾಲ್ಕು ಎಂಬ ಅಂಕಿಗಳನ್ನೇ ಅದಕ್ಕೆ ಪಾಸ್‌ವರ್ಡ್ ಮಾಡಿ, ಅದನ್ನೊಂದು ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿ ಹೋಗಿದ್ದರು. ಅತ್ತಿಗೆಯವರು ಆ ದಿನಗಳಲ್ಲಿ ತಮ್ಮ ತಾಯಿಯಿಂದ ಕಲಿತ ಸೋಬಾನೆ ಹಾಡುಗಳನ್ನು, ಮಧ್ಯಾಹ್ನದ ಊಟದ ಪಾತ್ರೆಗಳೆಲ್ಲ ತೊಳೆದಾದ ಮೇಲೆ, ಒಂದೊಂದು ಸಾಲನ್ನೂ ಬಾಯಲ್ಲಿ ಗುನುಗಿ ನೆನಪಿಗೆ ತಂದುಕೊಂಡು, ಒಂದೇ ಬೆರಳಿನಿಂದ ಅಕ್ಷರಗಳನ್ನು ಹುಡುಕಿ ಒತ್ತುತ್ತ, ಎರಡು ವರ್ಷಗಳಲ್ಲಿ ಅರುವತ್ತಕ್ಕೆ ಮೀರಿ ಬರೆದಿಟ್ಟಿದ್ದರು. ಕಾಲೇಜಿನ ಯಾವುದೋ ಕೆಲಸಕ್ಕೆ ಸ್ಥಳ ಬೇಕಾಗಿ ಅವರ ಮಗನೇ ಒಂದು ಸಂಜೆ, ಹಳೆಯದೆಲ್ಲ ತನ್ನದೇ ಶಾಲೆಯ ಕಾಲದ ಕಸವೆಂದು ಬಗೆದು, ಪರದೆಯ ಮೇಲಿದ್ದ ಫೋಲ್ಡರುಗಳನ್ನು ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದ. ಮರುದಿನ ವಿಷಯ ತಿಳಿದಾಗ ಹುಡುಗ ತಲೆ ತಗ್ಗಿಸಿ ನಿಂತಿದ್ದ. ಅಣ್ಣ ಅವನನ್ನು ಗದರಿಸಲು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಅಡ್ಡಬಂದು, ನನ್ನ ಕಡೆಗೆ ತಿರುಗಿ, “ಹೋಗ್ಲಿ ಬಿಡಪ್ಪ, ಅದು ನನ್ನದು ಅಂತ ಅದಕ್ಕಾದರೂ ಹೇಗೆ ಗೊತ್ತಾಗಬೇಕು?” ಎಂದರು.

ಅದಕ್ಕೆ ಎಂದರೆ ಯಂತ್ರಕ್ಕೆ.

ಮಗನ ಮೇಲೆ ಬರಬಹುದಾಗಿದ್ದ ಅಪರಾಧವನ್ನು ಯಂತ್ರದ ಮೇಲೆ ಹೊರಿಸಿ, ಅನಂತರ ಆ ಯಂತ್ರವನ್ನೂ ಕ್ಷಮಿಸಿಬಿಟ್ಟ ಆ ಮಾತು ನನ್ನ ಮನಸ್ಸಿನಲ್ಲಿ ಬಹುಕಾಲ ನಿಂತಿತು. ಏಕೆಂದರೆ ಯಂತ್ರಕ್ಕೆ ಗೊತ್ತಾಗಬಹುದಾಗಿತ್ತು. ನಮ್ಮ ಮನೆಯ ಗಣಕದಲ್ಲಿದ್ದುದು ಉಬುಂಟು ಎಂಬ ಕಾರ್ಯಾಚರಣ ವ್ಯವಸ್ಥೆ. ಅದು ಲಿನಕ್ಸ್ ಮನೆತನದ್ದು. ಲಿನಕ್ಸೋ, 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಹೊಸದಾಗಿ ಬರೆಯತೊಡಗಿದ ಕಾರಣ, ರಕ್ತಸಂಬಂಧದಿಂದಲ್ಲದಿದ್ದರೂ ಆಚಾರದಿಂದ ಯೂನಿಕ್ಸ್ ಎಂಬ ಹಿರಿಯ ವಂಶಕ್ಕೆ ಸೇರಿದ್ದು. ‘ಇದು ಯಾರದು?’ ಎಂಬ ಪ್ರಶ್ನೆಯನ್ನು ತನ್ನಲ್ಲಿರತಕ್ಕ ಪ್ರತಿಯೊಂದು ಕಡತದ ವಿಷಯದಲ್ಲಿಯೂ ಕೇಳಿ, ಅದರ ಉತ್ತರವನ್ನು ಆ ಕಡತದ ಜೊತೆಯಲ್ಲಿಯೇ ಬರೆದಿಟ್ಟುಕೊಳ್ಳುವುದು ಆ ವಂಶದ ಹುಟ್ಟುಗುಣ. ನಾವು ಅದಕ್ಕೆ ನಮ್ಮ ಹೆಸರುಗಳನ್ನು ಹೇಳಿರಲಿಲ್ಲ, ಅಷ್ಟೆ. ಒಂದು ಮನೆಯಲ್ಲಿ ಒಂದು ಯಂತ್ರವನ್ನು ಎಷ್ಟು ಮಂದಿ ಬಳಸುವರೋ ಅಷ್ಟು ಮಂದಿಗೂ ಅವರವರ ಹೆಸರಿನಲ್ಲಿ ಒಂದೊಂದು ಖಾತೆ ಇರತಕ್ಕದ್ದು. ಯಂತ್ರದ ಯಜಮಾನಿಕೆ ಅವುಗಳಲ್ಲಿ ಒಂದೆರಡಕ್ಕೆ ಮಾತ್ರ ಸಲ್ಲತಕ್ಕದ್ದು. ಇದನ್ನು ಮಾಡಿಕೊಡುವುದು ಮನೆಯಲ್ಲಿ ಯಂತ್ರದ ಮರ್ಮವನ್ನು ಅಷ್ಟಿಷ್ಟಾದರೂ ಬಲ್ಲವರ ಕರ್ತವ್ಯವೇ ಹೊರತು ಉಪಕಾರವಲ್ಲ: ಇದು ನಾನು ಈ ಲೇಖನದಲ್ಲಿ ಹೇಳಹೊರಟಿರುವ ಮಾತು.

‘ಖಾತೆ’ ಎಂಬ ಶಬ್ದವನ್ನು ನಮ್ಮ ಹಿರಿಯರು ಜಮೀನಿನ ಸಂಬಂಧದಲ್ಲಿ ಬಳಸುತ್ತಿದ್ದರು. ಇಂದಿಗೂ ನಾವು ಬಳಸುತ್ತೇವೆ. ಯೂನಿಕ್ಸಿನ ಖಾತೆಯನ್ನು ಅರ್ಥಮಾಡಿಕೊಳ್ಳಲು ಆ ಹಳೆಯ ಬಳಕೆ ಬಹು ಚೆನ್ನಾಗಿ ಒದಗುತ್ತದೆ. ಯಂತ್ರದಲ್ಲಿ ‘ಇಟಿಸಿ’ ಎಂಬ ಕೋಶವೊಂದುಂಟು; ಅದರೊಳಗೆ ‘ಪಾಸ್‌ವರ್ಡ್’ ಎಂಬ ಇಂಗ್ಲಿಷ್ ಪದದ ನಡುವಣ ಎರಡಕ್ಷರಗಳನ್ನು ನುಂಗಿ ಬರೆದ ಹೆಸರಿನ ಒಂದು ಕಡತವುಂಟು; ಅದೇ ಈ ಗ್ರಾಮದ ಖಾತೆಪುಸ್ತಕ. ಒಬ್ಬೊಬ್ಬರಿಗೂ ಒಂದೊಂದು ಸಾಲು. ಸಾಲಿಗೆ ಏಳು ಕಲಮುಗಳು. ಮೊದಲನೆಯದು ಕರೆಯುವ ಹೆಸರು, ಎರಡನೆಯದು ಒಂದು ಕಾಲಕ್ಕೆ ಪಾಸ್‌ವರ್ಡು ಇರುತ್ತಿದ್ದ, ಈಗ ಕೇವಲ ಒಂದು ‘ಎಕ್ಸ್’ ಗುರುತು ಕುಳಿತಿರುವ ಸ್ಥಳ, ಮೂರನೆಯದು ಖಾತೆದಾರರ ಸಂಖ್ಯೆ, ನಾಲ್ಕನೆಯದು ಅವರ ಗುಂಪಿನ ಸಂಖ್ಯೆ, ಐದನೆಯದು ಪೂರ್ಣನಾಮ, ಆರನೆಯದು ಅವರ ಮನೆ, ಎಂದರೆ ಅವರ ಕಡತಗಳಿರುವ ಕೋಶ, ಏಳನೆಯದು ಅವರು ಒಳಗೆ ಬಂದೊಡನೆ ಅವರ ಅಪ್ಪಣೆಗಳನ್ನು ಕೇಳಲು ನಿಲ್ಲುವ ಕಾರ್ಯಕ್ರಮ. ಇವುಗಳಲ್ಲಿ ಮೂರನೆಯದೇ ಮುಖ್ಯ. ಕಡತದ ಮೈಮೇಲೆ ಒಡೆಯರ ಹೆಸರನ್ನು ಬರೆದಿರುವುದಿಲ್ಲ, ಸಂಖ್ಯೆಯನ್ನು ಬರೆದಿರುತ್ತದೆ. ನಾವು ನೋಡಬಯಸಿದಾಗ ಯಂತ್ರವು ಖಾತೆಪುಸ್ತಕವನ್ನು ತೆರೆದು ಆ ಸಂಖ್ಯೆಗೆ ಎದುರಾಗಿರುವ ಹೆಸರನ್ನು ಓದಿ ಹೇಳುತ್ತದೆ. ಹೊಲವನ್ನು ಊರವರು ಯಾವ ಹೆಸರಿನಿಂದಾದರೂ ಕರೆಯಲಿ, ದಫ್ತರದಲ್ಲಿ ಅದು ಸರ್ವೆ ನಂಬರಿನಿಂದಲೇ ನಿಲ್ಲುವ ಹಾಗೆ. ಸೊನ್ನೆ ಎಂಬ ಸಂಖ್ಯೆ ‘ರೂಟ್’ ಎಂಬ ಸರ್ವಾಧಿಕಾರಿಗೆ ಮೀಸಲು. ಉಬುಂಟುವಿನಲ್ಲಿ ಮನುಷ್ಯರ ಸಂಖ್ಯೆಗಳು 1000ದಿಂದ ಆರಂಭವಾಗುತ್ತವೆ.

ನಾನು ಮೊದಲ ಬಾರಿಗೆ ಆ ಕಡತವನ್ನು ಮನಸ್ಸಿಟ್ಟು ಓದಿದ ರಾತ್ರಿ ನನಗೆ ನಿಜವಾಗಿ ನಾಚಿಕೆಯಾಯಿತು. ನಾಲ್ಕಾರು ಸಾಲುಗಳಿರಬಹುದೆಂದು ನಾನು ಎಣಿಸಿದ್ದಲ್ಲಿ ಮೂವತ್ತಕ್ಕೂ ಮಿಕ್ಕಿ ಸಾಲುಗಳಿದ್ದವು. ಟಪಾಲಿನ ಕೆಲಸಕ್ಕೆ ಒಂದು ಖಾತೆ. ಮುದ್ರಣದ ಕೆಲಸಕ್ಕೆ, ‘ಎಲ್‌ಪಿ’ ಎಂಬ ಹೆಸರಿನಲ್ಲಿ, 7ನೆಯ ಸಂಖ್ಯೆಯ ಒಂದು ಖಾತೆ. ಯಾರಿಗೂ ಸೇರದ ಕೆಲಸಗಳಿಗಾಗಿ ‘ನೋಬಡಿ’ ಎಂಬ, 65534ನೆಯ ಸಂಖ್ಯೆಯ ಮತ್ತೊಂದು ಖಾತೆ. ಒಂದರ ಕೆಲಸ ಕೆಟ್ಟರೆ ಇನ್ನೊಂದರ ವಸ್ತುವಿಗೆ ಕೈ ಹಚ್ಚಬಾರದೆಂಬ ವಿವೇಕದಿಂದ ಯೂನಿಕ್ಸಿನವರು ನಿರ್ಜೀವವಾದ ಈ ಕಾರ್ಯಗಳಿಗೆಲ್ಲ ಬೇರೆ ಬೇರೆ ಖಾತೆಗಳನ್ನು ಕೊಟ್ಟಿದ್ದರು. ನಮ್ಮ ಮುದ್ರಣಯಂತ್ರಕ್ಕೆ ಆ ಮನೆಯಲ್ಲಿ ಒಂದು ಖಾತೆಯಿತ್ತು, ಅತ್ತಿಗೆಯವರಿಗೆ ಇರಲಿಲ್ಲ.

ಹಲವರು ಒಂದು ಯಂತ್ರವನ್ನು ಹಂಚಿಕೊಂಡು ಬಾಳುವ ಸಮಸ್ಯೆ ಹೊಸದಲ್ಲ; ಯೂನಿಕ್ಸಿಗಿಂತಲೂ ಹಳೆಯದು. ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಂಗಡಿಗರು 1961ರಲ್ಲಿ ಮೊದಲು ಮಾಡಿ ತೋರಿಸಿದ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯಲ್ಲಿ ಅನೇಕರು ಏಕಕಾಲದಲ್ಲಿ ಒಂದೇ ಯಂತ್ರದಿಂದ ಕೆಲಸ ಪಡೆಯುತ್ತಿದ್ದರು. ಒಬ್ಬರ ಕಡತ ಇನ್ನೊಬ್ಬರ ಕೈಗೆ ಸಿಕ್ಕದಿರಲೆಂದು ಪ್ರತಿಯೊಬ್ಬರಿಗೂ ಪಾಸ್‌ವರ್ಡು ಇತ್ತು. 1966ರಲ್ಲಿ ಅಲ್ಲಿ ಒಂದು ಅನರ್ಥ ನಡೆಯಿತು: ಯಂತ್ರದ ಮುಂದೆ ಕುಳಿತವರಿಗೆಲ್ಲ, ದಿನದ ಪ್ರಕಟಣೆಯ ಬದಲು, ಎಲ್ಲರ ಪಾಸ್‌ವರ್ಡುಗಳೂ ಸಾಲುಸಾಲಾಗಿ ಎದುರಿಗೆ ಬಂದು ನಿಂತವು. ಕಾರಣವನ್ನು ವಿಚಾರಿಸಿದರೆ ನಮ್ಮ ಮನೆಯ ಕಥೆಯೇ ಅಲ್ಲಿಯೂ ಕಾಣುತ್ತದೆ. ಕಡತ ತಿದ್ದುವ ಕಾರ್ಯಕ್ರಮವು, ಒಂದು ಕೋಶದಲ್ಲಿ ಒಂದು ಹೊತ್ತಿಗೆ ಒಬ್ಬನೇ ಕೆಲಸಮಾಡುವನೆಂಬ ನಂಬಿಕೆಯಿಂದ, ತನ್ನ ತಾತ್ಕಾಲಿಕ ಪ್ರತಿಗೆ ಸದಾ ಒಂದೇ ಹೆಸರನ್ನಿಡುತ್ತಿತ್ತು. ವ್ಯವಸ್ಥೆಯ ಮೇಲ್ವಿಚಾರಕರು ಮಾತ್ರ ಅನುಕೂಲಕ್ಕಾಗಿ ತಮ್ಮೆಲ್ಲರಿಗೂ ಸೇರಿದ ಒಂದೇ ಕೋಶದಲ್ಲಿ ಒಟ್ಟಿಗೆ ಕೆಲಸಮಾಡುವ ಸಲಿಗೆಯನ್ನು ತಾವೇ ಕೊಟ್ಟುಕೊಂಡಿದ್ದರು. ಒಬ್ಬರು ಪ್ರಕಟಣೆಯನ್ನು ತಿದ್ದುತ್ತಿದ್ದ ಹೊತ್ತಿಗೇ ಇನ್ನೊಬ್ಬರು ಪಾಸ್‌ವರ್ಡುಗಳ ಕಡತವನ್ನು ತಿದ್ದುತ್ತಿದ್ದುದರಿಂದ ಎರಡು ಪ್ರತಿಗಳೂ ಅದಲುಬದಲಾದವು. ಆ ಯಂತ್ರವನ್ನು ಕಟ್ಟಿದ ಮಹಾಪ್ರಾಜ್ಞರಿಗೇ ಹೀಗಾಗಿದ್ದ ಮೇಲೆ, ‘ನಾವು ಮನೆಯವರೇ ಅಲ್ಲವೆ, ಒಂದೇ ಖಾತೆ ಸಾಕು’ ಎಂದುಕೊಂಡ ಗೃಹಸ್ಥರ ಪಾಡೇನು?

ಯೂನಿಕ್ಸಿನ ಬಾಲ್ಯವೂ ಹೀಗೆಯೇ ಕೂಡುಮನೆಯದು. 1969ರಲ್ಲಿ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಅದನ್ನು ಆರಂಭಿಸಿದರಷ್ಟೆ. ಎರಡು ವರ್ಷಗಳ ಮೇಲೆ, 1971ರ ಉತ್ತರಾರ್ಧದಲ್ಲಿ, ಅದೇ ಸಂಸ್ಥೆಯ ಪೇಟೆಂಟ್ ಇಲಾಖೆಯ ಮೂವರು ಬೆರಳಚ್ಚುಗಾರರು ಆ ಯಂತ್ರದ ಮೇಲೆ ದಿನವಿಡೀ ಅರ್ಜಿಗಳನ್ನು ಬರೆಯುತ್ತಿದ್ದರೆಂದೂ, ಅದೇ ಯಂತ್ರದಲ್ಲಿ ಅದೇ ಹೊತ್ತಿಗೆ ತಮ್ಮ ಪ್ರಯೋಗಗಳನ್ನು ಮಾಡುತ್ತಿದ್ದ ಸಂಶೋಧಕರು ಒಂದೊಂದು ಹೊಸ ಕಾರ್ಯಕ್ರಮವನ್ನು ಓಡಿಸಿ ನೋಡುವಾಗಲೂ ಯಂತ್ರ ಎಲ್ಲಿ ಕುಸಿದೀತೋ ಎಂದು ಎಚ್ಚರ ವಹಿಸಬೇಕಾಗಿತ್ತೆಂದೂ ರಿಚಿ ಮುಂದೆ ಸ್ಮರಿಸಿಕೊಂಡಿದ್ದಾರೆ. ಇಡೀ ಯಂತ್ರದ ತಟ್ಟೆಯಲ್ಲಿ ಅರ್ಧ ಮೆಗಾಬೈಟಿನಷ್ಟು ಸ್ಥಳ. ಈ ಚಿತ್ರವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ: ಒಂದು ಕಡೆ ಲೋಕವನ್ನೇ ಬದಲಿಸಲಿದ್ದ ವಿಜ್ಞಾನಿಗಳು, ಇನ್ನೊಂದು ಕಡೆ ತಮ್ಮ ಪಾಡಿಗೆ ತಾವು ಅರ್ಜಿ ಬರೆಯುವ ಬೆರಳಚ್ಚುಗಾರರು, ಯಂತ್ರ ಇಬ್ಬರನ್ನೂ ಕಾಯಬೇಕು. ಖಾತೆ, ಒಡೆತನ, ಗುಂಪು, ಓದುವ ಬರೆಯುವ ನಡೆಸುವ ಅಪ್ಪಣೆಗಳು ಎಂಬ ಯೂನಿಕ್ಸಿನ ಶಾಸ್ತ್ರ ಬೆಳೆದದ್ದು ಇಂಥ ಸಹವಾಸದ ನಡುವೆ. ಆ ಬಳಿಕ ಯಂತ್ರದ ಬೆಲೆ ಇಳಿಯಿತು; ಮೇಜಿಗೊಂದು ಯಂತ್ರವಾಯಿತು; ಅನುಸ್ಥಾಪನೆಯ ಪರದೆ ಕೇಳುವುದು ಒಬ್ಬರ ಹೆಸರನ್ನು ಮಾತ್ರ. ಆ ಒಂದು ಪೆಟ್ಟಿಗೆಯನ್ನು ತುಂಬಿದೊಡನೆ ಕೆಲಸ ಮುಗಿಯಿತೆಂದು ಭಾವಿಸಿ ಎದ್ದುಹೋಗುವುದು ನಮ್ಮ ರೂಢಿಯಾಗಿದೆ. ಐವರಿರುವ ಮನೆಗೆ ಆ ಪರದೆ ಸಾಲದು.

ಯಜಮಾನಿಕೆಯ ವಿಷಯ ಇಲ್ಲಿಯೇ ಹೇಳಬೇಕು. ನಮ್ಮ ಹಳೆಯ ಮನೆಗಳಲ್ಲಿ ಬೀಗದ ಕೈಗಳ ಗೊಂಚಲು ಹಿರಿಯ ಹೆಂಗಸಿನ ಸೊಂಟದಲ್ಲಿ ಇರುತ್ತಿತ್ತು. ಉಗ್ರಾಣವನ್ನು ತೆರೆಯಬೇಕಾದಾಗ ಮಾತ್ರ ಅದು ಹೊರಗೆ ಬರುವುದು, ಕೆಲಸವಾದೊಡನೆ ಮತ್ತೆ ಸೊಂಟಕ್ಕೆ ಸೇರುವುದು. ‘ಸುಡೊ’ ಎಂಬ ಅಪ್ಪಣೆಯ ನಡವಳಿ ಸರ್ವಥಾ ಹೀಗೆಯೇ. 1980ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯದ ಬಫಲೊ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಈ ಪುಟ್ಟ ಕಾರ್ಯಕ್ರಮವು, ನಂಬಿಕಸ್ತರಾದ ಖಾತೆದಾರರಿಗೆ, ಅವರವರ ಪಾಸ್‌ವರ್ಡನ್ನು ಕೇಳಿ ತಿಳಿದು, ಆ ಒಂದು ಕೆಲಸದ ಮಟ್ಟಿಗೆ ರೂಟಿನ ಅಧಿಕಾರವನ್ನು ಕೊಡುತ್ತದೆ. ಯಾರು ಯಾವಾಗ ಏನು ಮಾಡಿದರೆಂಬುದನ್ನು ದಿನಚರಿಯಲ್ಲಿ ಬರೆದಿಡುತ್ತದೆ. 2004ರಲ್ಲಿ ಹೊರಬಂದ ಉಬುಂಟು ಮೊದಲಿನಿಂದಲೂ ರೂಟಿನ ನೇರ ಪ್ರವೇಶವನ್ನು ಮುಚ್ಚಿಟ್ಟು ಈ ದಾರಿಯನ್ನೇ ಹಿಡಿದಿರುವುದು ಮೆಚ್ಚತಕ್ಕ ಸಂಗತಿ. ಆದರೆ ಮನೆಯ ಐವರೂ ಒಂದೇ ಖಾತೆಯಲ್ಲಿದ್ದು ಆ ಖಾತೆಗೇ ಸುಡೊ ಅಧಿಕಾರವಿದ್ದರೆ, ಗೊಂಚಲನ್ನು ಹೆಬ್ಬಾಗಿಲಿನ ಮೊಳೆಗೆ ತೂಗಹಾಕಿದ ಹಾಗಾಯಿತು. ದಿನಚರಿಯಲ್ಲಿ ಬರೆದದ್ದೂ ವ್ಯರ್ಥ, ಏಕೆಂದರೆ ಅಲ್ಲಿ ಎಲ್ಲ ಸಾಲುಗಳಲ್ಲಿಯೂ ಒಂದೇ ಹೆಸರು.

ನಾನು ಈ ಮಾತನ್ನು ಬಂಧುಗಳ ಮನೆಗಳಲ್ಲಿ ಆಡಿದಾಗಲೆಲ್ಲ ಬರುವ ಆಕ್ಷೇಪ ಒಂದೇ: “ಮನೆಯೊಳಗೆ ಎಂಥ ಗುಟ್ಟು?” ಗುಟ್ಟಿನ ಮಾತನ್ನು ನಾನು ಆಡುತ್ತಲೇ ಇಲ್ಲ. ಅತ್ತಿಗೆಯವರ ಸೋಬಾನೆ ಹಾಡುಗಳಲ್ಲಿ ಗುಟ್ಟೇನಿತ್ತು? ಅವು ಮದುವೆಯ ಮನೆಯಲ್ಲಿ ಹತ್ತು ಜನರ ಮುಂದೆ ಹಾಡುವಂಥವು. ಕೂಡುಕುಟುಂಬದಲ್ಲಿ ಅನ್ನವೂ ಒಲೆಯೂ ಒಂದೇ ಆಗಿದ್ದ ಕಾಲದಲ್ಲಿಯೂ ಮನೆಗೆ ಬಂದ ಸೊಸೆಗೆ ತವರಿನಿಂದ ತಂದ ಒಂದು ಪೆಟ್ಟಿಗೆ ಇರುತ್ತಿತ್ತು. ಅದನ್ನು ಅವಳ ಅನುಮತಿಯಿಲ್ಲದೆ ಅತ್ತೆಯೂ ತೆರೆಯುತ್ತಿರಲಿಲ್ಲ. ಆ ಪೆಟ್ಟಿಗೆಯಲ್ಲಿ ಬಚ್ಚಿಡಬೇಕಾದ ವಸ್ತುಗಳಿದ್ದವೆಂದಲ್ಲ. ಈ ದೊಡ್ಡ ಮನೆಯೊಳಗೆ ಇಷ್ಟು ಸ್ಥಳ ನನ್ನದು ಎಂಬ ನೆಮ್ಮದಿಗೆ ಅದೊಂದು ಆಧಾರವಾಗಿತ್ತು. ಹುಡುಗರೂ ಗಂಡಸರೂ ಯಂತ್ರಕ್ಕೆ ತಾವಾಗಿ ತಮ್ಮ ಹೆಸರುಗಳನ್ನು ಕೊಟ್ಟುಕೊಂಡಾರು. ಕೇಳಲು ಸಂಕೋಚಪಡುವ ಹೆಂಗಸರಿಗೂ ವೃದ್ಧರಿಗೂ ಅದನ್ನು ನಾವೇ ಮುಂದಾಗಿ ಕೊಡಬೇಕು. ಉಬುಂಟುವಿನವರು ಕೂಡ ಬಹುಕಾಲ ಒಬ್ಬರ ಮನೆಯ ಕೋಶವನ್ನು ಇನ್ನೊಬ್ಬ ಖಾತೆದಾರ ಇಣುಕಿ ಓದಬಹುದಾದ ಹಾಗೆ ತೆರೆದಿಟ್ಟಿದ್ದರು. 2021ರ ಏಪ್ರಿಲ್‌ನ ಆವೃತ್ತಿಯಿಂದ, ಹೊಸದಾಗಿ ತೆರೆಯುವ ಮನೆಗಳ ಬಾಗಿಲನ್ನು ಪರರಿಗೆ ಮುಚ್ಚಿದರು. ತಡವಾದರೂ ಒಳ್ಳೆಯ ನಿರ್ಧಾರ.

ಹಾಡುಗಳು ಹೋದ ವಾರದಲ್ಲಿಯೇ ನಾನು ಕುಳಿತು ಐದು ಖಾತೆಗಳನ್ನು ತೆರೆದೆ. ಕೆಲಸ ಹತ್ತು ನಿಮಿಷದ್ದು. ಕರೆಯುವ ಹೆಸರಿನಲ್ಲಿ ಮಾತ್ರ ಒಂದು ಕೊರತೆ ಎದುರಾಯಿತು: ಅಲ್ಲಿ ವ್ಯವಸ್ಥೆ ಒಪ್ಪುವುದು ಇಂಗ್ಲಿಷಿನ ಸಣ್ಣಕ್ಷರಗಳನ್ನೂ ಅಂಕಿಗಳನ್ನೂ ಒಂದೆರಡು ಗುರುತುಗಳನ್ನೂ ಮಾತ್ರ, ಕನ್ನಡದ ಹೆಸರನ್ನು ಅದು ತಳ್ಳಿಬಿಡುತ್ತದೆ. ಕನ್ನಡಿಗನಾದವನಿಗೆ ಇದು ನೋವಿನ ವಿಷಯವೇ ಸರಿ. ಆದರೆ ಐದನೆಯ ಕಲಮು, ಎಂದರೆ ಪೂರ್ಣನಾಮದ ಕಲಮು, ಕನ್ನಡವನ್ನು ಸ್ವೀಕರಿಸುತ್ತದೆ. ಈ ಕಲಮಿನ ಚರಿತ್ರೆ ಸ್ವಾರಸ್ಯವಾದದ್ದು: ಬೆಲ್ ಪ್ರಯೋಗಾಲಯದವರು ಮುದ್ರಣದ ಕೆಲಸಕ್ಕಾಗಿ ಜನರಲ್ ಎಲೆಕ್ಟ್ರಿಕ್ ಮೂಲದ ಬೇರೊಂದು ದೊಡ್ಡ ಯಂತ್ರಕ್ಕೆ ಕಡತಗಳನ್ನು ಕಳುಹಿಸುವಾಗ ಬೇಕಾಗುತ್ತಿದ್ದ ವಿವರಗಳನ್ನು ಅಲ್ಲಿ ಬರೆಯುತ್ತಿದ್ದರು, ಆ ಯಂತ್ರ ಹೋಯಿತು, ಅದರ ಕಾರ್ಯಾಚರಣ ವ್ಯವಸ್ಥೆಯ ಹೆಸರಾದ ‘ಜೀಕಾಸ್’ ಎಂಬುದು ಕಲಮಿಗೆ ಹಾಗೆಯೇ ಅಂಟಿಕೊಂಡಿತು. ಪ್ರವೇಶದ ಪರದೆಯ ಮೇಲೆ ಕಾಣುವುದು ಈ ಕಲಮಿನ ಹೆಸರೇ. ಅತ್ತಿಗೆಯವರ ಹೆಸರನ್ನು ನಾನು ಅಲ್ಲಿ ಕನ್ನಡದಲ್ಲಿ ಬರೆದು, ಯಂತ್ರವನ್ನು ಮತ್ತೆ ಆರಂಭಿಸಿ, ಅವರನ್ನು ಕರೆದು ತೋರಿಸಿದೆ. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದವರು ಪರದೆಯನ್ನು ಹತ್ತಿರದಿಂದ ನೋಡಿದರು; ಏನೂ ಹೇಳಲಿಲ್ಲ; ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಕುಳಿತರು.

ಒಬ್ಬೊಬ್ಬರ ಖಾತೆಗೂ ಭಾಷೆಯನ್ನೂ ಕೀಲಿಮಣೆಯ ವಿನ್ಯಾಸವನ್ನೂ ಅಕ್ಷರದ ಗಾತ್ರವನ್ನೂ ಬೇರೆ ಬೇರೆಯಾಗಿ ಇಡಬಹುದಾದುದರಿಂದ, ಅತ್ತಿಗೆಯವರಿಗೆ ಕಗಪ ವಿನ್ಯಾಸ, ತಂದೆಯವರಿಗೆ ದಪ್ಪಕ್ಷರ, ಹುಡುಗನಿಗೆ ಇಂಗ್ಲಿಷು, ಹೀಗೆ ಎಲ್ಲರಿಗೂ ಅವರವರ ಅನುಕೂಲವಾಯಿತು. ಇಲ್ಲೊಂದು ಎಚ್ಚರಿಕೆಯನ್ನು ಅನುಭವದಿಂದ ಹೇಳುತ್ತೇನೆ. ಕನ್ನಡ ವಿನ್ಯಾಸ ಚಾಲ್ತಿಯಲ್ಲಿರುವಾಗ ಪಾಸ್‌ವರ್ಡನ್ನು ಇಟ್ಟುಕೊಳ್ಳಬಾರದು. ಪ್ರವೇಶದ ಪರದೆ ತನ್ನದೇ ವಿನ್ಯಾಸವನ್ನು ಅನುಸರಿಸುವುದರಿಂದ, ಅದೇ ಕೀಲಿಗಳನ್ನು ಒತ್ತಿದರೂ ಬೇರೆ ಅಕ್ಷರಗಳು ಬಂದು ಬಾಗಿಲು ತೆರೆಯುವುದಿಲ್ಲ.

ಪಾಸ್‌ವರ್ಡಿನ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. 1979ರಲ್ಲಿಯೇ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ತಾವು ಸಂಗ್ರಹಿಸಿದ 3,289 ಪಾಸ್‌ವರ್ಡುಗಳನ್ನು ಪರೀಕ್ಷಿಸಿ, ಅವುಗಳಲ್ಲಿ ನೂರಕ್ಕೆ 86ರಷ್ಟು ಸುಲಭವಾಗಿ ಊಹೆಗೆ ಸಿಕ್ಕುವಂಥವೆಂದು ಬರೆದಿದ್ದಾರೆ; ಹದಿನೈದು ಮಂದಿ ಒಂದೇ ಒಂದು ಅಕ್ಷರವನ್ನು ಪಾಸ್‌ವರ್ಡ್ ಮಾಡಿಕೊಂಡಿದ್ದರಂತೆ. ಅದೇ ಥಾಂಪ್ಸನ್ ಒಮ್ಮೆ ಬಳಸಿದ್ದ ಎಂಟಕ್ಷರದ ಪಾಸ್‌ವರ್ಡು, ಚದುರಂಗದಲ್ಲಿ ರಾಣಿಯ ಮುಂದಣ ಪದಾತಿಯ ಮೊದಲ ನಡೆಯನ್ನು ಸೂಚಿಸುವ ಗುರುತುಗಳಿಂದಾದದ್ದು, ಭೇದಿಸಲ್ಪಟ್ಟದ್ದು 2019ರಲ್ಲಿ. ಈಗ ಸಂಕೇತರೂಪದ ಪಾಸ್‌ವರ್ಡುಗಳು ಖಾತೆಪುಸ್ತಕದಲ್ಲಿರದೆ, ‘ಶಾಡೊ’ ಎಂಬ, ಸಾಮಾನ್ಯ ಖಾತೆದಾರರು ತೆರೆಯಲಾಗದ ಬೇರೊಂದು ಕಡತದಲ್ಲಿವೆ. ಆ ಕಡತವನ್ನು ಮುಟ್ಟುವ ಅಧಿಕಾರ ರೂಟಿಗೆ ಮಾತ್ರವಿದ್ದರೂ ಅತ್ತಿಗೆ ತಮ್ಮ ಪಾಸ್‌ವರ್ಡನ್ನು, ನನ್ನ ಹಂಗಿಲ್ಲದೆ, ತಾವೇ ಬದಲಿಸಿಕೊಳ್ಳಬಲ್ಲರು. ಇದು ರಿಚಿಯವರ ಒಂದು ಅಪೂರ್ವ ಕಲ್ಪನೆಯ ಫಲ: ಒಂದು ಕಾರ್ಯಕ್ರಮವನ್ನು ಯಾರೇ ನಡೆಸಲಿ, ಆ ಕಾರ್ಯಕ್ರಮದ ಒಡೆಯನ ಅಧಿಕಾರದಿಂದ, ಆ ಕಾರ್ಯಕ್ರಮದ ಮಿತಿಯೊಳಗೆ ಮಾತ್ರ, ಅದು ನಡೆಯುವಂತೆ ಮಾಡುವ ಗುರುತು ಅದು. 1979ರಲ್ಲಿ ಅದಕ್ಕೆ ಪೇಟೆಂಟು ಕೂಡ ದೊರೆಯಿತು. ಅಧಿಕಾರವನ್ನು ಕೈಗೆ ಕೊಡದೆ, ಅಧಿಕಾರದಿಂದಾಗುವ ಪ್ರಯೋಜನವನ್ನು ಮಾತ್ರ ಸಾಮಾನ್ಯರಿಗೆ ಮುಟ್ಟಿಸುವ ಇಂಥ ಉಪಾಯವನ್ನು ನಾನು ಎಷ್ಟು ಕೊಂಡಾಡಿದರೂ ಸಾಲದು.

ಎಲ್ಲವೂ ಬೇರೆ ಬೇರೆಯಾದರೆ ಮನೆಯ ಚಿತ್ರಗಳು, ತೆರಿಗೆಯ ರಸೀದಿಗಳು, ವಿದ್ಯುತ್ ಬಿಲ್ಲುಗಳು ಎಲ್ಲಿರಬೇಕು? ಅದಕ್ಕೆ ಗುಂಪುಗಳುಂಟು. ನಾನು ‘ಮನೆ’ ಎಂಬರ್ಥದ ಒಂದು ಗುಂಪನ್ನು ಮಾಡಿ, ಅದರ ಹೆಸರಿನಲ್ಲಿ ಒಂದು ಕೋಶವನ್ನು ತೆರೆದು, ಅದರಲ್ಲಿ ಯಾರು ಏನು ತಂದು ಬರೆದರೂ ಅದು ಗುಂಪಿನ ಸೊತ್ತಾಗುವಂತೆ ಗುರುತು ಹಾಕಿದೆ. ಐವರನ್ನೂ ಆ ಗುಂಪಿಗೆ ಸೇರಿಸತೊಡಗಿದೆ. ಆಗ ನನ್ನಿಂದ ಒಂದು ದೊಡ್ಡ ತಪ್ಪಾಯಿತು. ‘ಯೂಸರ್‌ಮಾಡ್’ ಎಂಬ ಅಪ್ಪಣೆಗೆ ‘ಜಿ’ ಎಂಬ ದೊಡ್ಡಕ್ಷರದ ಹಿಂದೆ ‘ಎ’ ಎಂಬ ಸಣ್ಣಕ್ಷರವನ್ನು ಸೇರಿಸಬೇಕು. ಸೇರಿಸಿದರೆ, ‘ಇರುವ ಗುಂಪುಗಳ ಜೊತೆಗೆ ಇದನ್ನೂ ಕೂಡಿಸು’ ಎಂದರ್ಥ. ಬಿಟ್ಟರೆ, ‘ಇದೊಂದೇ ಇರಲಿ, ಉಳಿದ ಗುಂಪುಗಳಿಂದ ತೆಗೆದುಬಿಡು’ ಎಂದರ್ಥ. ನನ್ನ ಸ್ವಂತ ಖಾತೆಯ ವಿಷಯದಲ್ಲಿ ಆ ಸಣ್ಣಕ್ಷರವನ್ನು ನಾನು ಬಿಟ್ಟುಬಿಟ್ಟೆ. ಯಂತ್ರ ಮರುಮಾತಾಡದೆ ಒಪ್ಪಿತು. ಗುಂಪಿನ ಬದಲಾವಣೆ ಮುಂದಿನ ಪ್ರವೇಶದಲ್ಲಿ ಜಾರಿಗೆ ಬರುವುದರಿಂದ ಆ ಸಂಜೆ ಏನೂ ತೋರಲಿಲ್ಲ; ಮರುದಿನ ಬೆಳಗ್ಗೆ ಸುಡೊ ಎಂದಾಗ, ನಿನಗೆ ಆ ಅಧಿಕಾರವಿಲ್ಲ ಎಂಬ ಉತ್ತರ ಬಂತು. ಹಳೆಯ ‘ಯೂಸರ್’ ಖಾತೆಯಿಂದ ಆ ಅಧಿಕಾರವನ್ನು ನಾನೇ ಹಿಂದಿನ ದಿನ ಕಿತ್ತುಹಾಕಿದ್ದೆ. ಮನೆಯಲ್ಲಿ ಯಾರ ಬಳಿಯೂ ಗೊಂಚಲಿಲ್ಲ! ಯಂತ್ರವನ್ನು ದುರಸ್ತಿಯ ದಾರಿಯಿಂದ ಆರಂಭಿಸಿ, ರೂಟಾಗಿ ಒಳಗೆ ಹೋಗಿ, ನನ್ನನ್ನು ಮತ್ತೆ ಸುಡೊ ಅಧಿಕಾರ ಕೊಡುವ ಗುಂಪಿಗೆ ಸೇರಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಸುಡೊ ಅಧಿಕಾರ ಅಣ್ಣನಿಗೂ ಇದೆ; ಒಬ್ಬರ ಕೈ ತಪ್ಪಿದರೆ ಇನ್ನೊಬ್ಬರಿರಬೇಕು.

ಈ ಪ್ರಸಂಗ ಇನ್ನೊಂದು ಸತ್ಯವನ್ನೂ ತೋರಿಸುತ್ತದೆ; ಅದನ್ನು ಮರೆಮಾಚುವುದು ಓದುಗರಿಗೆ ದ್ರೋಹವಾಗುತ್ತದೆ. ಯಂತ್ರವನ್ನು ಕೈಯಾರ ಮುಟ್ಟಬಲ್ಲವನು, ಬಲ್ಲವನಾದರೆ, ನಾನು ಹೋದ ದಾರಿಯಲ್ಲಿಯೇ ಒಳಗೆ ಹೋಗಬಲ್ಲನು. ಆದುದರಿಂದ ಖಾತೆಗಳು ಕಳ್ಳರಿಂದ ಕಾಯುವ ಕೋಟೆಯಲ್ಲ. ಅದಕ್ಕೆ ಇಡೀ ತಟ್ಟೆಯನ್ನೇ ಸಂಕೇತಲಿಪಿಯಲ್ಲಿ ಬರೆದಿಡುವ ಏರ್ಪಾಡು ಬೇರೆಯಾಗಿ ಬೇಕು.

ಮನೆಯ ಹೊರಗೆ ಈ ಅಲಕ್ಷ್ಯ ಇನ್ನೂ ಹೆಚ್ಚು ಹಾನಿಕರ. ನಮ್ಮ ರಾಜ್ಯದಲ್ಲಿ ಈ ಶತಮಾನದ ಆದಿಯಲ್ಲಿ ಪಹಣಿಗಳನ್ನು ಗಣಕಕ್ಕೆ ಏರಿಸಿದ ‘ಭೂಮಿ’ ಯೋಜನೆಯಲ್ಲಿ, ದಾಖಲೆಯನ್ನು ತಿದ್ದುವ ನೌಕರನು ಬೆರಳಿನ ಗುರುತನ್ನು ಕೊಟ್ಟೇ ಒಳಗೆ ಹೋಗಬೇಕೆಂದು ವಿಧಿಸಿದ್ದರು. ಆ ಯಂತ್ರಗಳು ಯೂನಿಕ್ಸಿನವಲ್ಲದಿದ್ದರೂ, ಮಾಡಿದ್ದು ಯಾರೆಂಬುದು ತಿಳಿದಿರಬೇಕೆಂಬ ತತ್ತ್ವ ಅದೇ. ಆದರೆ ನಾನು ಹೋಗಿಬರುವ ಒಂದು ಕಚೇರಿಯಲ್ಲಿ ಇಂದಿಗೂ ನಾಲ್ವರು ಗುಮಾಸ್ತರು ಒಂದೇ ಹೆಸರಿನಿಂದ ಲಾಗಿನ್ ಆಗುತ್ತಾರೆ. ಒಬ್ಬರು ಮಾಡಿದ ತಪ್ಪಿಗೆ ನಾಲ್ವರೂ ಮುಖ ಮುಖ ನೋಡಿಕೊಳ್ಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಶಾಲೆಯ ಪ್ರಯೋಗಶಾಲೆಗಳಲ್ಲಿ, ಗ್ರಂಥಾಲಯಗಳಲ್ಲಿ, ಒಂದು ಯಂತ್ರದ ಮುಂದೆ ದಿನಕ್ಕೆ ಇಪ್ಪತ್ತು ಮಕ್ಕಳು ಕೂರುವಲ್ಲಿ, ಒಬ್ಬ ಹುಡುಗಿ ಸೋಮವಾರ ಬರೆದ ಪ್ರಬಂಧ ಮಂಗಳವಾರ ಅಲ್ಲಿರುವುದೆಂಬ ಭರವಸೆಯನ್ನಾದರೂ ನಾವು ಅವಳಿಗೆ ಕೊಡಬೇಡವೆ?

ಖಾತೆಯನ್ನು ತೆರೆಯುವುದು ಸುಲಭ. ಮುಚ್ಚುವುದು ಕಷ್ಟವಾದ ವಿಷಯ. ಮೂರು ವರ್ಷಗಳ ಹಿಂದೆ ತಂದೆಯವರು ತೀರಿಕೊಂಡರು. ಹದಿಮೂರು ದಿನಗಳಾದ ಮೇಲೆ ಅಣ್ಣ, “ಅಪ್ಪನ ಖಾತೆ ತೆಗೆದುಬಿಡೋಣವೇನೋ, ಪರದೆಯಲ್ಲಿ ಹೆಸರು ನೋಡಿದಾಗಲೆಲ್ಲ ಸಂಕಟವಾಗತ್ತೆ” ಎಂದ. ನನಗೂ ಹಾಗೆಯೇ ಆಗುತ್ತಿತ್ತು. ಆದರೆ ಖಾತೆಯನ್ನು ಅಳಿಸುವುದೆಂದರೆ ಖಾತೆಪುಸ್ತಕದಿಂದ ಆ ಸಾಲನ್ನು ತೆಗೆಯುವುದು. ಕಡತಗಳನ್ನೂ ಅದರ ಜೊತೆಯಲ್ಲಿ ಅಳಿಸಿದರೆ ಎಲ್ಲವೂ ಹೋಯಿತು. ಉಳಿಸಿಕೊಂಡರೂ ಅವುಗಳ ಮೈಮೇಲೆ 1002 ಎಂಬ ಸಂಖ್ಯೆ ಮಾತ್ರ ಉಳಿದು, ಅದು ಯಾರೆಂದು ಹೇಳುವ ಸಾಲು ಇಲ್ಲವಾಗುತ್ತದೆ. ಅಷ್ಟೇ ಅಲ್ಲ. ಹೊಸ ಖಾತೆಯನ್ನು ತೆರೆಯುವಾಗ ವ್ಯವಸ್ಥೆಯು ಖಾಲಿಯಿರುವ ಸಂಖ್ಯೆಯನ್ನು ಹುಡುಕಿ ಕೊಡುವುದರಿಂದ, ಸತ್ತವರ ಸಂಖ್ಯೆ ಮುಂದೆ ಬಂದವರಿಗೆ ಸಲ್ಲಬಹುದು. ಆಗ ಆ ಹಳೆಯ ಕಡತಗಳೆಲ್ಲ, ಯಾರೂ ಕೊಡದೆ, ಯಾರೂ ಕೇಳದೆ, ಹೊಸಬರ ಸೊತ್ತಾಗಿಬಿಡುತ್ತವೆ. ಬಂಧುಗಳೊಬ್ಬರ ಮನೆಯಲ್ಲಿ ಹೀಗೆಯೇ ಆಗಿತ್ತು: ಅಜ್ಜನ ಖಾತೆಯನ್ನು ಅಳಿಸಿ ಮೊಮ್ಮಗನಿಗೆ ಹೊಸದನ್ನು ತೆರೆದಿದ್ದರು, ಅಜ್ಜ ಬರೆದಿಟ್ಟಿದ್ದ ಸಾಲದ ಲೆಕ್ಕಗಳೂ ಪತ್ರಗಳೂ ಹತ್ತು ವರ್ಷದ ಆ ಹುಡುಗನ ಹೆಸರಿನಲ್ಲಿ ನಿಂತಿದ್ದವು.

ಆದಕಾರಣ ನಾನು ತಂದೆಯವರ ಖಾತೆಯನ್ನು ಅಳಿಸಲಿಲ್ಲ, ಬೀಗ ಹಾಕಿದೆ. ಆ ಬೀಗ ಹೇಗಿರುತ್ತದೆಂದು ನೋಡಬೇಕೆನಿಸಿ, ಅಪ್ಪಣೆ ಕೊಟ್ಟ ಮೇಲೆ ಶಾಡೊ ಕಡತವನ್ನು ತೆರೆದೆ. ತಂದೆಯವರ ಸಾಲಿನಲ್ಲಿ, ಅವರ ಪಾಸ್‌ವರ್ಡಿನ ಸಂಕೇತರೂಪದ ಮೊದಲಲ್ಲಿ, ಒಂದೇ ಒಂದು ಆಶ್ಚರ್ಯಸೂಚಕ ಚಿಹ್ನೆ ಬಂದು ಕುಳಿತಿತ್ತು. ಅಷ್ಟೆ. ಆ ಚಿಹ್ನೆ ಅಲ್ಲಿರುವವರೆಗೂ ಯಾವ ಪಾಸ್‌ವರ್ಡೂ ಅದಕ್ಕೆ ಹೊಂದುವುದಿಲ್ಲ. ಅದರ ಹಿಂದೆ ಅವರು ಇಟ್ಟುಕೊಂಡಿದ್ದ ಪಾಸ್‌ವರ್ಡಿನ ಸಂಕೇತ ಇದ್ದ ಹಾಗೆಯೇ ಇದೆ. ಅವರ ಹೆಸರು, ಅವರ ಸಂಖ್ಯೆ, ಅವರ ಕಡತಗಳು ಇದ್ದ ಹಾಗೆಯೇ ಇವೆ. ಅವರು ಬೆಳಗಿನ ಹೊತ್ತು ಬರೆಯುತ್ತಿದ್ದ ಮಳೆಯ ಲೆಕ್ಕದ ಪಟ್ಟಿಯನ್ನು ಅಣ್ಣನೂ ನಾನೂ ಮನೆಯ ಗುಂಪಿನ ಕೋಶಕ್ಕೆ ನಕಲು ಮಾಡಿಕೊಂಡೆವು, ಮೂಲವನ್ನು ಮುಟ್ಟಲಿಲ್ಲ.

ಅತ್ತಿಗೆಯವರು ಹಾಡುಗಳನ್ನು ಮತ್ತೆ ಮೊದಲಿನಿಂದ ಬರೆಯತೊಡಗಿದ್ದಾರೆ. ಕೆಲವು ನೆನಪಿಗೆ ಬರಲಿಲ್ಲವೆಂದು ತವರಿಗೆ ಹೋಗಿ ತಮ್ಮ ಚಿಕ್ಕಮ್ಮನನ್ನು ಕೇಳಿ ಬರೆದುಕೊಂಡು ಬಂದರು, ಈಗ ನಲವತ್ತೊಂದಾಗಿವೆ. ಹೋದ ತಿಂಗಳು ನನ್ನನ್ನು ಕರೆದು, “ನಾನು ಹೋದಮೇಲೆ ನನ್ನ ಖಾತೆಗೂ ಬೀಗ ಹಾಕಿಡ್ತೀಯೇನಪ್ಪ? ಬೇಡ. ಇವೆಲ್ಲ ಶಿವಮೊಗ್ಗದಲ್ಲಿರೋ ಮಗಳಿಗೆ ಹೋಗ್ಲಿ, ಅವಳಿಗೆ ರಾಗ ಗೊತ್ತು” ಎಂದರು. ಈಗಲೇ ಅವಳ ಹೆಸರಿಗೆ ಬರೆದುಕೊಡಬಹುದೇ ಎಂದೂ ಕೇಳಿದರು. ಕಡತದ ಒಡೆಯರಿಗೇ ತಮ್ಮ ಒಡೆತನವನ್ನು ಇನ್ನೊಬ್ಬರಿಗೆ ವರ್ಗಾಯಿಸುವ ಅಧಿಕಾರ ಲಿನಕ್ಸಿನಲ್ಲಿಲ್ಲ, ಅದು ರೂಟಿನಿಂದ ಮಾತ್ರ ಆಗತಕ್ಕದ್ದು ಎಂದು ವಿವರಿಸಿದೆ. “ಹಾಗಾದರೆ ಖಾತೆ ಬದಲಾವಣೆಗೆ ತಾಲ್ಲೂಕು ಕಚೇರಿಗೆ ಹೋದ ಹಾಗೆ” ಎಂದರು. ಹೌದೆಂದೆ. ಮಗಳ ಹೆಸರಿನಲ್ಲಿ ಒಂದು ಖಾತೆಯನ್ನು ಅಂದೇ ತೆರೆದು, ಹಾಡುಗಳ ಕೋಶವನ್ನು ಅದಕ್ಕೆ ವರ್ಗಾಯಿಸುವ ‘ಚೌನ್’ ಎಂಬ ಅಪ್ಪಣೆಯನ್ನು ಒಂದು ಹಾಳೆಯಲ್ಲಿ ಇಂಗ್ಲಿಷಿನಲ್ಲಿಯೂ, ಅದರ ಅರ್ಥವನ್ನು ಕೆಳಗೆ ಕನ್ನಡದಲ್ಲಿಯೂ ಬರೆದು, ಅಣ್ಣನಿಗೆ ಓದಿ ಹೇಳಿ, ಮನೆಯ ಕಾಗದಪತ್ರಗಳ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.